ಮೂರು ಕಲ್ಲಿನ ಒಲೆಗೆ ಯಾವ ಕಲ್ಲು? ವಿಟ್‌ಮನ್ ಕೌಂಟಿಯಲ್ಲಿ ಕಮಿಷನರ್ ಆರಿಸುವ ಮುನ್ನ

ಜುಲೈ ಮಧ್ಯದಲ್ಲಿ ಅಂಚೆಯಲ್ಲಿ ಬ್ಯಾಲೆಟ್ ಲಕೋಟೆ ಬಂತು ಅಂದರೆ ನನ್ನ ಫೋನು ಸುಮ್ಮನಿರುವುದಿಲ್ಲ. ವಾಷಿಂಗ್ಟನ್ ರಾಜ್ಯದ ಪೂರ್ವದ ತುದಿಯಲ್ಲಿ, ಐಡಾಹೊ ಗಡಿಗೆ ಅಂಟಿಕೊಂಡಿರುವ ಊರು ನಮ್ಮ ಪುಲ್‌ಮನ್. ಅದು ಇರುವುದು ವಿಟ್‌ಮನ್ ಕೌಂಟಿಯಲ್ಲಿ, ಕೌಂಟಿ ಅಂದರೆ ಊರ ಕಡೆಯ ಜಿಲ್ಲೆಯ ಹಾಗೆ. ಇಲ್ಲಿರುವ ಕನ್ನಡದವರು ಜಾಸ್ತಿಯೇನಿಲ್ಲ. ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಾಠ ಹೇಳುವವರು ಕೆಲವರು, ಶ್ವೈಟ್ಜರ್ ಇಂಜಿನಿಯರಿಂಗ್ ಕಂಪನಿಯಲ್ಲಿ ಕೆಲಸ ಮಾಡುವವರು ಕೆಲವರು. ಅದರಲ್ಲೂ ಹೊಸದಾಗಿ ಸಿಟಿಜನ್ ಆದವರದ್ದೇ ಫೋನು.

ಗವರ್ನರ್‌ಗೆ ಯಾರಿಗೆ ಹಾಕಲಿ ಅಂತ ಯಾರೂ ಕೇಳುವುದಿಲ್ಲ. ಅದನ್ನು ಅವರವರು ಎಂದೋ ತೀರ್ಮಾನ ಮಾಡಿರುತ್ತಾರೆ. ಕೇಳುವುದು ಕೆಳಗಿನ ಸಾಲುಗಳದ್ದು. "ಸಾರ್, ಈ ಕೌಂಟಿ ಕಮಿಷನರ್ ಅಂದ್ರೆ ಯಾರು? ಒಬ್ಬರು ಗೋಧಿ ಬೆಳೆಯೋರಂತೆ, ಇನ್ನೊಬ್ಬರು ಯಾವುದೋ ಸಣ್ಣ ಊರಿಗೆ ಮೇಯರ್ ಆಗಿದ್ರಂತೆ. ಇಬ್ಬರ ಹೆಸರೂ ಕೇಳಿಲ್ಲ. ಯಾರಿಗೆ ಹಾಕಲಿ?"

ಯಾರಿಗೆ ಅಂತ ನಾನು ಹೇಳುವುದಿಲ್ಲ. ಹೇಗೆ ತೂಗಿ ನೋಡಬೇಕು ಅಂತ ಮಾತ್ರ ಹೇಳುತ್ತೇನೆ. ಹೆಸರುಗಳು ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತವೆ. ನಿಲ್ಲುವವರ ಹಿನ್ನೆಲೆ ಮಾತ್ರ ಸುತ್ತಿ ಸುತ್ತಿ ಅದೇ ನಾಲ್ಕೈದು ಬಗೆ.

ಮೊದಲು ಒಂದು ಗೊಂದಲ ಬಿಡಿಸೋಣ. ಊರ ಕಡೆ ಕಮಿಷನರ್ ಅಂದರೆ ಸರ್ಕಾರ ಕಳಿಸಿದ ಅಧಿಕಾರಿ, ಪಾಲಿಕೆ ಕಮಿಷನರ್, ಪೊಲೀಸ್ ಕಮಿಷನರ್ ಇದ್ದ ಹಾಗೆ. ಇಲ್ಲಿ ಹಾಗಲ್ಲ. ಇಲ್ಲಿನ ಕೌಂಟಿ ಕಮಿಷನರ್‌ನ ನಾವೇ ಆರಿಸುತ್ತೇವೆ. ಜಿಲ್ಲಾ ಪಂಚಾಯಿತಿ ಅಂದರೆ ಸದಸ್ಯರೂ ಇರುತ್ತಾರೆ, ಮೇಲೊಬ್ಬ ಸಿಇಒ ಸಾಹೇಬರೂ ಇರುತ್ತಾರೆ ಅಲ್ವಾ? ಇಲ್ಲಿ ಆ ಎರಡೂ ಕೆಲಸ ಮೂರೇ ಜನರ ಕೈಯಲ್ಲಿ. ನಿಯಮ ಮಾಡುವವರೂ ಅವರೇ, ನಡೆಸುವವರೂ ಅವರೇ. ಜಾಗವೋ, ಸುಮಾರು 5,600 ಚದರ ಕಿಲೋಮೀಟರ್, ಮಂಡ್ಯ ಜಿಲ್ಲೆಗಿಂತ ಸ್ವಲ್ಪ ದೊಡ್ಡದು. ಮಂಡ್ಯದಲ್ಲಿ 2011ರಲ್ಲೇ 18 ಲಕ್ಷ ಜನ ಇದ್ದರು. ಇಲ್ಲಿ 2020ರ ಗಣತಿಯಲ್ಲಿ 47,973 ಜನ.

ಇನ್ನೊಂದು ಗೊಂದಲವೂ ಇದೆ. ಬ್ಯಾಲೆಟ್ ಮೇಲೆ ಕಮಿಷನರ್ ಅನ್ನುವ ಪದ ಬೇರೆ ಬೇರೆ ಕಡೆ ಕಾಣಬಹುದು. ಪುಲ್‌ಮನ್ ಆಸ್ಪತ್ರೆಗೆ ಬೇರೆ ಕಮಿಷನರ್‌ಗಳು. ಬೆಂಕಿ ಆರಿಸುವ ಫೈರ್ ಡಿಸ್ಟ್ರಿಕ್ಟ್‌ಗೆ ಬೇರೆ. ಸ್ನೇಕ್ ನದಿ ದಂಡೆಯ ಬಂದರುಗಳನ್ನು ನೋಡಿಕೊಳ್ಳುವ ಪೋರ್ಟ್‌ಗೆ ಬೇರೆ. ಸ್ಮಶಾನ ನೋಡಿಕೊಳ್ಳುವ ಡಿಸ್ಟ್ರಿಕ್ಟ್‌ಗೂ ಕಮಿಷನರ್‌ಗಳಿದ್ದಾರೆ! ನಾನು ಮೊದಲ ಸಲ ಆಸ್ಪತ್ರೆ ಕಮಿಷನರ್ ಹುದ್ದೆಯನ್ನೇ ಕೌಂಟಿಯದ್ದು ಅಂದುಕೊಂಡು, ಇವರಿಗೆ ರಸ್ತೆಯ ಬಗ್ಗೆ ಒಂದು ಮಾತೂ ಆಡಲು ಬರುವುದಿಲ್ಲವಲ್ಲ ಅಂತ ಬೈದುಕೊಂಡಿದ್ದೆ. ಪಾಪ, ಅವರಿಗೂ ರಸ್ತೆಗೂ ಏನು ಸಂಬಂಧ. ಈ ಬರಹ ಕೌಂಟಿಯ ಆ ಮೂವರ ಬಗ್ಗೆ ಮಾತ್ರ.

ಅವರ ಕೈಯಲ್ಲಿ ಏನಿದೆ, ಏನಿಲ್ಲ

ಇದು ಗೊತ್ತಿಲ್ಲದಿದ್ದರೆ ಮುಂದಿನದೆಲ್ಲ ದಂಡ. ಓಟು ಕೇಳಲು ಬಂದವರು ಅರ್ಧ ಹೊತ್ತು ತಮ್ಮ ಕೈಯಲ್ಲಿ ಇಲ್ಲದ ವಿಷಯವನ್ನೇ ಮಾತಾಡುತ್ತಾರೆ.

ಅವರ ಕೈಯಲ್ಲಿರುವುದರಲ್ಲಿ ದೊಡ್ಡದು ಬಜೆಟ್. ಜೈಲು, ಕೋರ್ಟು, ಶೆರಿಫ್ ಅನ್ನುವ ಕೌಂಟಿ ಪೊಲೀಸ್ ಮುಖ್ಯಸ್ಥರ ಕಚೇರಿ, ಆರೋಗ್ಯ, ಪ್ರವಾಹ ಬೆಂಕಿಯಂಥ ತುರ್ತಿನ ಕೆಲಸ, ಎಲ್ಲಕ್ಕೂ ಹಣ ಹಂಚುವವರು ಇವರು. ಆಮೇಲೆ ರಸ್ತೆ. ಊರುಗಳ ಎಲ್ಲೆಯ ಹೊರಗೆ ಕೌಂಟಿಯೇ ನೋಡಿಕೊಳ್ಳುವ ರಸ್ತೆ ಸುಮಾರು 1,900 ಮೈಲಿ ಇದೆ. ಅದರಲ್ಲಿ ಟಾರು ಕಂಡಿದ್ದು ಕಡಿಮೆ, ಜಲ್ಲಿ ರಸ್ತೆ, ಮಣ್ಣಿನ ರಸ್ತೆಯೇ ಜಾಸ್ತಿ. ಮೂರನೆಯದು ಜಮೀನಿನ ಬಳಕೆ. ಊರ ಹೊರಗೆ ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಗಾಳಿಗಿರಣಿ ನಿಲ್ಲಿಸಬಹುದು ಅನ್ನುವುದು. ಊರುಗಳ ಬೆಳವಣಿಗೆಗೆ ಕಟ್ಟುಪಾಡು ಹಾಕುವ ರಾಜ್ಯದ 1990ರ ಕಾಯ್ದೆ ಸಿಯಾಟಲ್ ಕಡೆಯ ಕೌಂಟಿಗಳಿಗೆ ಬಿಗಿ. ವಿಟ್‌ಮನ್‌ಗೆ ಅದರ ಒಂದು ಭಾಗ ಮಾತ್ರ ಅನ್ವಯ. ಹಾಗಾಗಿ ಇಲ್ಲಿ ಕಮಿಷನರ್‌ಗಳ ಮಾತಿಗೆ ತೂಕ ಜಾಸ್ತಿ.

ಇನ್ನು ಕೈಯಲ್ಲಿ ಇಲ್ಲದ್ದು. ಶಾಲೆ ಇಲ್ಲ, ಅದಕ್ಕೆ ಬೇರೆ ಬೋರ್ಡು ಇದೆ. ನಿಮ್ಮ ಮನೆ ತೆರಿಗೆಯ ದೊಡ್ಡ ಪಾಲು ಹೋಗುವುದೇ ಶಾಲೆಗಳಿಗೆ. ಪುಲ್‌ಮನ್ ಒಳಗಿನ ಬೀದಿ ಇಲ್ಲ, ಅದು ಸಿಟಿಯದ್ದು. ಶೆರಿಫ್ ಹೇಗೆ ಕೆಲಸ ಮಾಡಬೇಕು ಅನ್ನುವುದೂ ಇಲ್ಲ. ಶೆರಿಫ್, ಆಸ್ತಿಗೆ ಬೆಲೆ ಕಟ್ಟುವ ಅಸೆಸರ್, ಆಡಿಟರ್, ಟ್ರೆಶರರ್, ಪ್ರಾಸಿಕ್ಯೂಟರ್, ಎಲ್ಲರೂ ಬೇರೆಯಾಗಿ ಗೆದ್ದು ಬಂದವರು. ಕಮಿಷನರ್ ಅವರ ಬಜೆಟ್ ಬಿಗಿ ಮಾಡಬಹುದು, ಹೀಗೆ ಮಾಡು ಹಾಗೆ ಮಾಡು ಅನ್ನುವಂತಿಲ್ಲ.

ಸ್ನೇಕ್ ನದಿಯ ಅಣೆಕಟ್ಟುಗಳೂ ಇಲ್ಲ. ಲೋವರ್ ಗ್ರಾನೈಟ್, ಲಿಟಲ್ ಗೂಸ್ ಎರಡೂ ನಮ್ಮ ಕೌಂಟಿಯ ಗಡಿಯಲ್ಲೇ ಇವೆ. ಅವನ್ನು ಒಡೆದು ಸಾಲ್ಮನ್ ಮೀನಿಗೆ ದಾರಿ ಬಿಡಬೇಕು ಅನ್ನುವವರು ಒಂದು ಕಡೆ. ದೋಣಿಯಲ್ಲಿ ಗೋಧಿ ಪೋರ್ಟ್‌ಲ್ಯಾಂಡ್‌ಗೆ ಹೋಗಬೇಕು, ಮುಟ್ಟಬೇಡಿ ಅನ್ನುವವರು ಇನ್ನೊಂದು ಕಡೆ. ಜಗಳ ದೊಡ್ಡದೇ. ಆದರೆ ತೀರ್ಮಾನ ವಾಷಿಂಗ್ಟನ್ ಡಿಸಿಯಲ್ಲಿ. ಕಮಿಷನರ್ ಪತ್ರ ಬರೆಯಬಹುದು, ಸಭೆಗೆ ಹೋಗಿ ಮಾತಾಡಬಹುದು, ಅಷ್ಟೇ. "ನಾನು ಅಣೆಕಟ್ಟು ಉಳಿಸುತ್ತೇನೆ" ಅನ್ನುವುದೇ ಒಬ್ಬರ ಮೊದಲ ಭರವಸೆಯಾದರೆ ನನಗೆ ಅಲ್ಲೇ ಅನುಮಾನ.

ಯಾವ ಅಳತೆಗೋಲು ಹಿಡಿಯಬೇಕು

ಮೊದಲನೆಯದು, ಲೆಕ್ಕ ಓದಲು ಬರುತ್ತದಾ? ಮನೆ ಜಮೀನಿನ ತೆರಿಗೆಯಿಂದ ಕೌಂಟಿ ಎತ್ತುವ ಒಟ್ಟು ಮೊತ್ತವನ್ನು ಜನರ ವೋಟಿಲ್ಲದೆ ವರ್ಷಕ್ಕೆ 1%ಗಿಂತ ಜಾಸ್ತಿ ಏರಿಸುವಂತಿಲ್ಲ. ಹೊಸ ಕಟ್ಟಡಗಳಿಂದ ಬರುವುದು ಬೇರೆ. ಡೀಸೆಲ್, ಜಲ್ಲಿ, ಆರೋಗ್ಯ ವಿಮೆ, ಸಂಬಳ ಯಾವುದೂ 1%ಗೆ ನಿಲ್ಲುವುದಿಲ್ಲ. ಹಾಗಾಗಿ "ತೆರಿಗೆ ಏರಿಸಲ್ಲ" ಅನ್ನುವುದು ದೊಡ್ಡ ಶಪಥವೇನಲ್ಲ, ಕಾನೂನೇ ಕೈ ಕಟ್ಟಿದೆ. ಕೇಳಬೇಕಾದ್ದು, ಆ ಕಟ್ಟಿದ ಕೈಯಲ್ಲಿ ಯಾವುದನ್ನು ಬಿಡುತ್ತೀರಿ ಅಂತ.

ಇದಕ್ಕೆ ಹೊಸ ಉದಾಹರಣೆ ಬೇಕಾ? ವಕೀಲರನ್ನು ಇಟ್ಟುಕೊಳ್ಳಲು ಹಣ ಇಲ್ಲದ ಆರೋಪಿಗೆ ಕೌಂಟಿಯೇ ವಕೀಲರನ್ನು ಕೊಡಬೇಕು. ಒಬ್ಬ ವಕೀಲರು ವರ್ಷಕ್ಕೆ 150 ದೊಡ್ಡ ಕೇಸುಗಳವರೆಗೆ ಹಿಡಿಯಬಹುದಿತ್ತು. 2025ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ಹಂತ ಹಂತವಾಗಿ 47ಕ್ಕೆ ಇಳಿಸಬೇಕು ಅಂದಿತು. ನ್ಯಾಯವಾದ ಮಾತೇ. ಆದರೆ ಖರ್ಚಿನ ಬಹುಪಾಲು ಕೌಂಟಿಯ ತಲೆ ಮೇಲೆ. ಈ ವಿಷಯ ತೆಗೆದು ನೋಡಿ. ಲೆಕ್ಕ ಗೊತ್ತಿರುವವರು ಮುಖ ಗಂಟಿಕ್ಕಿ ಯೋಚಿಸುತ್ತಾರೆ. ಗೊತ್ತಿಲ್ಲದವರು ನಗುತ್ತಾ ಅಪರಾಧ ತಡೆಯುವ ಬಗ್ಗೆ ಭಾಷಣ ಮಾಡುತ್ತಾರೆ.

ಎರಡನೆಯದು ರಸ್ತೆ. ಮೂರನೆಯದು ಸ್ವಂತದ ಗಂಟು: ಇವರ ಜಮೀನು, ವ್ಯಾಪಾರ, ನೆಂಟರು ಕೌಂಟಿಯ ತೀರ್ಮಾನಗಳಿಗೆ ಎಲ್ಲೆಲ್ಲಿ ತಗುಲಿಕೊಂಡಿದ್ದಾರೆ? ನಾಲ್ಕನೆಯದು ಸಮಯ. ಸಭೆಗಳು ಹಗಲು ಹೊತ್ತು, ಕೌಂಟಿಯ ಕೇಂದ್ರವಾದ ಕೋಲ್‌ಫ್ಯಾಕ್ಸ್‌ನಲ್ಲಿ. ಬಜೆಟ್ ಕೆಲಸ ಶರತ್ಕಾಲದಲ್ಲಿ ಬಿಗಿಯಾಗುತ್ತದೆ, ಡಿಸೆಂಬರ್ ಹೊತ್ತಿಗೆ ಮುಗಿಯಬೇಕು.

ಐದನೆಯದನ್ನು ಯಾರೂ ನೋಡುವುದಿಲ್ಲ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ. ಉಳಿದ ಇಬ್ಬರು ಯಾರು?

ಮೂವರೂ ಒಂದೇ ವರ್ಷ ಚುನಾವಣೆಗೆ ನಿಲ್ಲುವುದಿಲ್ಲ. ನೀವು ವೋಟು ಹಾಕುವಾಗ ಒಬ್ಬರಾದರೂ ಕುರ್ಚಿಯಲ್ಲಿ ಕೂತೇ ಇರುತ್ತಾರೆ. ನನ್ನ ಅಜ್ಜಿ ತೋಟದ ಮನೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುತ್ತಿದ್ದರು. ಎರಡು ಕಲ್ಲು ಇಟ್ಟ ಮೇಲೆ ಮೂರನೆಯದಕ್ಕೆ ತುಂಬ ಹೊತ್ತು ಹುಡುಕೋರು. ಚೆಂದದ ಕಲ್ಲನ್ನಲ್ಲ, ಆ ಎರಡರ ಜೊತೆ ಪಾತ್ರೆ ಅಲ್ಲಾಡದೆ ಕೂರುವಂಥ ಕಲ್ಲನ್ನು. ಇಲ್ಲೂ ಅಷ್ಟೇ. ಈಗಾಗಲೇ ಇಬ್ಬರು ರೈತರಿದ್ದರೆ ಮೂರನೆಯ ಒಳ್ಳೆಯ ರೈತನಿಗಿಂತ ಸಾಧಾರಣ ಲೆಕ್ಕಿಗ ಹೆಚ್ಚು ಉಪಯೋಗಕ್ಕೆ ಬರಬಹುದು. ಇಬ್ಬರೂ ಪುಲ್‌ಮನ್ ಕಡೆಯವರಾದರೆ ಜಲ್ಲಿ ರಸ್ತೆಯಲ್ಲಿ ದಿನಾ ಓಡಾಡುವ ಒಬ್ಬರು ಬೇಕೇ ಬೇಕು.

ಮೂವರೇ ಇರುವುದರಿಂದ ಇನ್ನೊಂದು ವಿಚಿತ್ರವೂ ಇದೆ. ಇಬ್ಬರು ಸೇರಿದರೆ ಕೋರಂ ಆಯಿತು. ರಾಜ್ಯದ 1971ರ ಬಹಿರಂಗ ಸಭೆಗಳ ಕಾಯ್ದೆ ಪ್ರಕಾರ ಇಬ್ಬರು ಕಾಫಿಗೆ ಕೂತು ಕೌಂಟಿ ವಿಷಯ ಚರ್ಚೆ ಮಾಡಿದರೂ ಅದು ಸಭೆಯೇ. ಹಾಗಾಗಿ ಮೊದಲೇ ಒಳಗೊಳಗೆ ಮಾತಾಡಿಕೊಂಡು ಬರುವಂತಿಲ್ಲ. ಎಲ್ಲರ ಎದುರಿಗೆ ಯೋಚಿಸುವ, ಎಲ್ಲರ ಎದುರಿಗೇ ಮನಸ್ಸು ಬದಲಾಯಿಸುವ ಸ್ವಭಾವ ಬೇಕು. ಅದು ಎಷ್ಟು ಜನಕ್ಕಿದೆ?

ಗೋಧಿ ರೈತ

ಇವರಿಂದಲೇ ಶುರು ಮಾಡಬೇಕು. ಅಮೆರಿಕದಲ್ಲಿ ಅತಿ ಹೆಚ್ಚು ಗೋಧಿ ಬೆಳೆಯುವ ಕೌಂಟಿಗಳಲ್ಲಿ ನಮ್ಮದೂ ಒಂದು. ರೈತರು ಕಮಿಷನರ್ ಆಗುವುದು ಇಲ್ಲಿ ಹೊಸದಲ್ಲ.

ರೈತ ಅಂದ ತಕ್ಷಣ ನಮ್ಮ ಮನಸ್ಸಿಗೆ ಎರಡೆಕರೆ ಗದ್ದೆಯವರು ಬರುತ್ತಾರೆ. ಇವರು ಹಾಗಲ್ಲ. ಸಾವಿರಾರು ಎಕರೆ, ಮನೆಗಿಂತ ದುಬಾರಿಯ ಕಂಬೈನ್ ಯಂತ್ರ, ಬ್ಯಾಂಕ್ ಸಾಲ, ಬೆಳೆ ವಿಮೆ. ಯಂತ್ರದ ಸವಕಳಿ ಎಷ್ಟು, ಈ ವರ್ಷ ರಿಪೇರಿ ಮಾಡಿಸೋದಾ ಹೊಸದು ತರೋದಾ ಅನ್ನುವ ಲೆಕ್ಕ ಬಾಯಿಪಾಠ. ರಸ್ತೆ ಸಮ ಮಾಡುವ ಕೌಂಟಿಯ ಗ್ರೇಡರ್ ಯಂತ್ರಗಳ ವಿಷಯ ಬಂದಾಗ ಈ ಬುದ್ಧಿ ನೇರವಾಗಿ ಕೆಲಸಕ್ಕೆ ಬರುತ್ತದೆ. ರಸ್ತೆ ವಿಷಯದಲ್ಲಂತೂ ಇವರಿಗೆ ಸಾಟಿಯಿಲ್ಲ. ಯಾವ ಮೋರಿ ಮಾರ್ಚ್‌ನಲ್ಲಿ ಕಟ್ಟಿಕೊಳ್ಳುತ್ತದೆ, ಯಾವ ಸೇತುವೆ ಮೇಲೆ ಗೋಧಿ ಲಾರಿ ಹೋಗುವಂತಿಲ್ಲ, ನಕ್ಷೆ ನೋಡದೆ ಹೇಳುತ್ತಾರೆ.

ಕೊರತೆ ಎಲ್ಲಿ? ಸಮಯ. ಗೋಧಿ ಕೊಯ್ಲು ಜುಲೈ ಕೊನೆ, ಆಗಸ್ಟ್. ಚಳಿಗಾಲದ ಗೋಧಿ ಬಿತ್ತನೆ ಸೆಪ್ಟೆಂಬರ್, ಅಕ್ಟೋಬರ್. ಬಜೆಟ್ ಬಿಗಿಯಾಗುವುದೂ ಅದೇ ಹೊತ್ತಿಗೆ. "ನೀವು ಕೋಲ್‌ಫ್ಯಾಕ್ಸ್‌ನಲ್ಲಿ ಕೂತಾಗ ಹೊಲ ಯಾರು ನೋಡ್ಕೊಳ್ತಾರೆ?" ಅಂತ ಕೇಳಿ. ಮಗಳು ನೋಡ್ಕೊಳ್ತಾಳೆ, ಪಾಲಿಗೆ ಕೊಟ್ಟಿದ್ದೇನೆ ಅಂದರೆ ಸರಿ. "ನೋಡೋಣ" ಅಂದರೆ ನೀವೂ ನೋಡೋಣ ಅನ್ನಿ.

ಸ್ವಂತದ ಗಂಟೂ ಇದೆ. ಓಕ್ಸ್‌ಡೇಲ್ ಹತ್ತಿರ 2012ರಿಂದ 58 ಗಾಳಿಗಿರಣಿ ತಿರುಗುತ್ತಿವೆ. ಇಂಥ ಗಿರಣಿ ನಿಲ್ಲಿಸಲು ಜಾಗ ಕೊಟ್ಟವರಿಗೆ ಬಾಡಿಗೆ ಬರುತ್ತದೆ, ಪಕ್ಕದ ಹೊಲದವರಿಗೆ ನೋಟ ಮಾತ್ರ. ಹೊಸ ಗಾಳಿಗಿರಣಿ ಬೇಕೋ ಬೇಡವೋ ಅನ್ನುವುದು ಇಲ್ಲಿ ಊರು ಒಡೆಯುವಂಥ ವಿಷಯ. ಕಮಿಷನರ್ ಆಗುವವರ ಜಮೀನು ಯಾವ ಕಂಪನಿಗೆ ಗುತ್ತಿಗೆ ಇದೆ ಅಂತ ಮೊದಲೇ ತಿಳಿದುಕೊಳ್ಳಿ. ಇದ್ದರೆ ತಪ್ಪಲ್ಲ. ಅಂಥ ಅರ್ಜಿ ಬಂದಾಗ ಎದ್ದು ಹೊರಗೆ ಹೋಗಬೇಕಾಗುತ್ತದೆ, ಆಗ ಉಳಿಯುವುದು ಇಬ್ಬರೇ.

ಕಾಬೂಲ್ ಕಡಲೆ, ಚನ್ನಂಗಿ ಬೇಳೆ ಬೆಳೆಯುವ ರೈತರ ಜೊತೆ ಮಾತಿಗೆ ಕೂತರೆ ನಮ್ಮ ದೇಶದ ಹೆಸರು ಬಂದೇ ಬರುತ್ತದೆ. 2019ರಲ್ಲಿ ಇಂಡಿಯಾ ಅಮೆರಿಕದ ಕಡಲೆ, ಚನ್ನಂಗಿ ಬೇಳೆ ಮೇಲೆ ಹೆಚ್ಚುವರಿ ಸುಂಕ ಹಾಕಿ, 2023ರಲ್ಲಿ ತೆಗೆಯಿತು. "ನಿಮ್ಮವರು ಯಾಕೆ ಹೀಗೆ ಮಾಡಿದ್ರು?" ಅಂತ ನನ್ನನ್ನೇ ಕೇಳಿದವರಿದ್ದಾರೆ, ದೆಹಲಿಗೆ ನಾನೇ ಫೋನು ಮಾಡಿ ಹೇಳಿದ ಹಾಗೆ. ಇರಲಿ. ಅದೂ ಕಮಿಷನರ್ ಕೈಯಲ್ಲಿಲ್ಲ.

ಕೌಂಟಿಯಲ್ಲೇ ಕೆಲಸ ಮಾಡಿ ನಿವೃತ್ತರಾದವರು

ರಸ್ತೆ ಇಲಾಖೆಯ ಫೋರ್‌ಮನ್, ಶೆರಿಫ್ ಕಚೇರಿಯ ಡೆಪ್ಯುಟಿ, ಅಸೆಸರ್ ಕಚೇರಿಯ ಗುಮಾಸ್ತೆ. ಇವರಿಗೆ ಕಲಿಯುವ ಕಾಲ ಬೇಕಿಲ್ಲ. ಯಾವ ಕಪಾಟಿನಲ್ಲಿ ಯಾವ ಫೈಲಿದೆ ಅಂತ ಗೊತ್ತು. ಪಿಂಚಣಿ ಬರುತ್ತದೆ, ಸಮಯ ಇದೆ, ವ್ಯಾಪಾರದ ಗಂಟಿಲ್ಲ. ನನ್ನ ಐದರಲ್ಲಿ ಮೂರು ಅಳತೆಗೆ ಸಲೀಸಾಗಿ ಪಾಸು.

ತೊಂದರೆ ಏನೆಂದರೆ ತವರುಮನೆ ಮೋಹ. ಶೆರಿಫ್ ಕಚೇರಿಯಿಂದ ಬಂದವರಿಗೆ ಹೊಸ ಡೆಪ್ಯುಟಿ ಬೇಕು ಅನ್ನುವ ಮನವಿ ತಕ್ಷಣ ಅರ್ಥವಾಗುತ್ತದೆ. ಮೋರಿಗೆ ಪೈಪು ಬೇಕು ಅನ್ನುವುದು ಅಷ್ಟು ಬೇಗ ಅರ್ಥವಾಗುವುದಿಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ. ರಸ್ತೆಗೆಂದು ಎತ್ತಿದ ತೆರಿಗೆಯಲ್ಲಿ ಒಂದು ಪಾಲನ್ನು ಶೆರಿಫ್ ಇಲಾಖೆಯ ಟ್ರಾಫಿಕ್ ಕೆಲಸಕ್ಕೆ ತಿರುಗಿಸಲು ಕಾನೂನಿನಲ್ಲಿ ಅವಕಾಶ ಇದೆ. ಎಷ್ಟು ತಿರುಗಿಸುತ್ತೀರಿ ಅನ್ನುವ ಒಂದೇ ಪ್ರಶ್ನೆ ಕೇಳಿದರೆ ಇವರ ಒಲವು ಎಲ್ಲಿದೆ ಅಂತ ಗೊತ್ತಾಗುತ್ತದೆ. ಹಳೇ ಸಹೋದ್ಯೋಗಿಗಳಿಗೆ ಇಲ್ಲ ಅಂದ ಒಂದು ಸಂದರ್ಭ ಹೇಳಿ ಅಂತಲೂ ಕೇಳಬಹುದು. ಒಳಗಿನ ಹಳೇ ಜಗಳ ತೀರಿಸಿಕೊಳ್ಳಲು ನಿಲ್ಲುವವರೂ ಇರುತ್ತಾರೆ. ಅವರನ್ನು ಗುರುತಿಸುವುದು ಸುಲಭ: ಐದು ನಿಮಿಷದಲ್ಲಿ ಒಂದೇ ಅಧಿಕಾರಿಯ ಬಗ್ಗೆ ಮೂರು ಸಲ ಮಾತಾಡುತ್ತಾರೆ.

ಸಣ್ಣ ಊರಿನ ಮೇಯರ್, ಕೌನ್ಸಿಲ್ ಸದಸ್ಯರು

ಇನ್ನೂರು ಮುನ್ನೂರು ಜನರ ಊರಿಗೂ ಇಲ್ಲಿ ಮೇಯರ್ ಇರುತ್ತಾರೆ. ಕೇಳಿದರೆ ನಗು ಬರಬಹುದು. ನನಗೂ ಬಂದಿತ್ತು, ಮಾಲ್ಡನ್ ಸುಡುವವರೆಗೆ.

2020ರ ಸೆಪ್ಟೆಂಬರ್ 7. ಲೇಬರ್ ಡೇ ರಜೆ. ಬಿರುಗಾಳಿಗೆ ಹಬ್ಬಿದ ಬೆಂಕಿ ಕೌಂಟಿಯ ಉತ್ತರದ ಮಾಲ್ಡನ್ ಊರಿನ ಸುಮಾರು 80% ಕಟ್ಟಡಗಳನ್ನು ಒಂದೇ ಮಧ್ಯಾಹ್ನದಲ್ಲಿ ತಿಂದು ಹಾಕಿತು. ಅಂಚೆ ಕಚೇರಿ ಹೋಯಿತು, ಊರ ಕಚೇರಿ ಹೋಯಿತು, ಬೆಂಕಿ ಆರಿಸುವ ಠಾಣೆಯೇ ಸುಟ್ಟಿತು. ದೊಡ್ಡ ವಿಪತ್ತು ಅಂತ ಫೆಡರಲ್ ಸರ್ಕಾರ ಘೋಷಣೆ ಮಾಡಿದ್ದು 2021ರ ಫೆಬ್ರವರಿಯಲ್ಲಿ. ಅರ್ಧ ಚಳಿಗಾಲ ಕಳೆದ ಮೇಲೆ. ನಡುವಿನ ಆ ಐದು ತಿಂಗಳಲ್ಲಿ ಇಂಥ ಊರಿಗೆ ಬೇಕಾಗುವುದು ಭಾಷಣ ಮಾಡುವವರಲ್ಲ. ಅರ್ಜಿ ತುಂಬುವವರು, ರಾಜ್ಯದ ಯಾವ ಕಚೇರಿಯಲ್ಲಿ ಯಾವ ಹಣ ಇದೆ ಅಂತ ಗೊತ್ತಿರುವವರು, ಸುಟ್ಟ ಅವಶೇಷ ಎಲ್ಲಿಗೆ ಸಾಗಿಸಬೇಕು ಅಂತ ತಲೆ ಕೆಡಿಸಿಕೊಳ್ಳುವವರು.

ಸಣ್ಣ ಊರಿನ ಮೇಯರ್ ವರ್ಷವಿಡೀ ಮಾಡುವುದು ಅದೇ. ನೀರಿನ ಟ್ಯಾಂಕಿಗೆ ಅನುದಾನ, ಒಳಚರಂಡಿಗೆ ಸಾಲ, ಇರುವ ಒಬ್ಬ ಗುಮಾಸ್ತೆಗೆ ಸಂಬಳ. ಬಹಿರಂಗ ಸಭೆ ಕಾಯ್ದೆ, ದಾಖಲೆ ಕೇಳಿದರೆ ಕೊಡಬೇಕಾದ ಕಾಯ್ದೆ, ಎರಡೂ ಅಭ್ಯಾಸ ಆಗಿರುತ್ತವೆ. ಮುಖಾಮುಖಿ ಬೈಸಿಕೊಂಡು ಗೊತ್ತು, ಅದೂ ಬೈದವರ ಪಕ್ಕದ ಮನೆಯಲ್ಲೇ ಇದ್ದುಕೊಂಡು.

ಕೊರತೆ ಅಂದರೆ ಗಾತ್ರ. ಊರಿನ ಬಜೆಟ್ಟಿಗೂ ಕೌಂಟಿಯ ಬಜೆಟ್ಟಿಗೂ ಅಜಗಜಾಂತರ. ಜೈಲು, ಕೋರ್ಟು, ಯೂನಿಯನ್ ಜೊತೆ ಸಂಬಳದ ಮಾತುಕತೆ, ಇದೆಲ್ಲ ಹೊಸದು. ಮೊದಲ ವರ್ಷ ತಡವರಿಸುತ್ತಾರೆ. ಆದರೂ ನನ್ನ ತಕ್ಕಡಿ ಇತ್ತ ಸ್ವಲ್ಪ ವಾಲುತ್ತದೆ, ಮುಚ್ಚಿಡುವುದು ಯಾಕೆ.

ವ್ಯಾಪಾರಿ, ಮನೆ ಮಾರುವವರು

"ಕೌಂಟಿಯನ್ನು ಬಿಸಿನೆಸ್ ಥರ ನಡೆಸುತ್ತೇನೆ" ಅನ್ನುವುದು ಇವರ ಪಲ್ಲವಿ. ಅಂಗಡಿಯಲ್ಲಿ ಲಾಭ ಕೊಡದ ಸಾಮಾನು ಇಡುವುದನ್ನು ನಿಲ್ಲಿಸಬಹುದು. ಜೈಲು ಲಾಭ ಕೊಡಲ್ಲ ಅಂತ ಮುಚ್ಚಲಾಗುತ್ತಾ? ಆ ಪಲ್ಲವಿ ದಾಟಿ ಮಾತಾಡುವ ವ್ಯಾಪಾರಿಗಳೂ ಇದ್ದಾರೆ. ಅವರು ಬಂದರೆ ಗುತ್ತಿಗೆ ಕಾಗದ ಓದುವವರು ಒಬ್ಬರಾದರೂ ಸಿಕ್ಕ ಹಾಗೆ. ಮನೆಗಳ ಕೊರತೆ ಬಗ್ಗೆ ರಿಯಲ್ ಎಸ್ಟೇಟ್‌ನವರಿಗೆ ಇರುವಷ್ಟು ತಿಳುವಳಿಕೆ ಬೇರೆಯವರಿಗಿಲ್ಲ. ಆದರೆ ಊರ ಹೊರಗಿನ ಜಮೀನಿನಲ್ಲಿ ಮನೆ ಕಟ್ಟಲು ಬಿಡಬೇಕೋ ಬೇಡವೋ ಅನ್ನುವ ವಿಷಯದಲ್ಲಿ ಅವರ ಹೊಟ್ಟೆಪಾಡೂ ಇದೆ. ಅಷ್ಟು ನೆನಪಿಟ್ಟುಕೊಂಡು ಹಾಕಿ.

ಯೂನಿವರ್ಸಿಟಿ ಕಡೆಯವರು

ಇಲ್ಲಿ ನಮ್ಮವರಿಗೆ ಒಂದು ಎಚ್ಚರಿಕೆ. ಹೆಸರಿನ ಮುಂದೆ ಡಾಕ್ಟರ್ ಇದ್ದರೆ ನಮ್ಮ ಕಣ್ಣು ಅರಳುತ್ತದೆ. ಅಭ್ಯರ್ಥಿಗಳ ಪರಿಚಯ ಇರುವ ವೋಟರ್ ಪುಸ್ತಿಕೆಯಲ್ಲಿ ಪಿಎಚ್‌ಡಿ ಅಂತ ನೋಡಿದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಅವರ ಪರವಾಗಿ ಹೇಳಬೇಕಾದ್ದು ಇದೆ. ಕೌಂಟಿಯ 47,973 ಜನರಲ್ಲಿ 32,901 ಜನ ಪುಲ್‌ಮನ್‌ನವರು. ಲೆಕ್ಕ ಹಾಕಿ ನೋಡಿ: ಪುಲ್‌ಮನ್ ಬಿಟ್ಟು ಉಳಿದ ಇಡೀ ಕೌಂಟಿ ಸೇರಿದರೂ ಮೂರರಲ್ಲಿ ಒಂದು ಪಾಲು ತುಂಬುವುದಿಲ್ಲ. ಅಂಥದರಲ್ಲಿ ವಿದ್ಯಾರ್ಥಿಗಳ ಊರನ್ನು ಬಲ್ಲ ಒಬ್ಬರಾದರೂ ಬೇಡವೇ? 2020ರ ಆಗಸ್ಟ್‌ನಲ್ಲಿ ಹುಡುಗರು ಪುಲ್‌ಮನ್‌ಗೆ ವಾಪಸ್ ಬಂದಾಗ ಕೋವಿಡ್ ಹೇಗೆ ಏರಿತು ಅಂತ ಇಲ್ಲಿದ್ದವರಿಗೆ ನೆನಪಿದೆ. ಆರೋಗ್ಯ ಮಂಡಳಿಯಲ್ಲೂ ಕಮಿಷನರ್‌ಗಳು ಕೂರುತ್ತಾರೆ. ಅಂಕಿ ಅಂಶ ಓದಲು ಬರುವವರು ಅಲ್ಲಿ ಉಪಯೋಗ.

ಕೊರತೆಯೂ ಅಷ್ಟೇ ಸ್ಪಷ್ಟ. ಜಲ್ಲಿ ರಸ್ತೆಯ ಅನುಭವ ಇಲ್ಲ. ಕಮಿಟಿಯಲ್ಲಿ ಚರ್ಚೆ ಮಾಡಿ ಅಭ್ಯಾಸ, ತೀರ್ಮಾನ ಮಾಡಿ ಅಲ್ಲ. ಯೂನಿವರ್ಸಿಟಿ ಜಾಗ ರಾಜ್ಯದ್ದು, ಅದಕ್ಕೆ ಆಸ್ತಿ ತೆರಿಗೆ ಇಲ್ಲ. ಹಾಗಾಗಿ ಯೂನಿವರ್ಸಿಟಿಯವರು ನಮ್ಮ ಹಣ ಖರ್ಚು ಮಾಡಲು ಬಂದರು ಅನ್ನುವ ಸಿಟ್ಟು ಹೊಲದ ಊರುಗಳಲ್ಲಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಅದು ನ್ಯಾಯವೋ ಅಲ್ಲವೋ, ಅದನ್ನು ಎದುರಿಸುವ ತಾಳ್ಮೆ ಇವರಿಗಿದೆಯಾ ಅಂತ ನೋಡಿ. ಗಾರ್ಫೀಲ್ಡ್, ಟೆಕೋವಾ, ಲಕ್ರಾಸ್ ಥರದ ಊರುಗಳಿಗೆ ಚುನಾವಣೆಗೆ ಮುಂಚೆ ಎಷ್ಟು ಸಲ ಹೋಗಿದ್ದಾರೆ ಅಂತ ಕೇಳಿದರೆ ಸಾಕು.

ನೀವು ಯಾರು ಅನ್ನುವುದರ ಮೇಲೂ ಇದೆ

ಪುಲ್‌ಮನ್ ಒಳಗೆ ಸ್ವಂತ ಮನೆ ಇರುವವರು ಒಂದು ವಿಷಯ ತಿಳಿದಿರಬೇಕು. ರಸ್ತೆಗೆಂದು ಆಸ್ತಿ ಮೇಲೆ ಹಾಕುವ ಕೌಂಟಿಯ ತೆರಿಗೆ ಊರ ಎಲ್ಲೆಯ ಹೊರಗಿನವರಿಗೆ ಮಾತ್ರ. ನೀವು ಅದನ್ನು ಕಟ್ಟುವುದಿಲ್ಲ. ನೀವು ಕಟ್ಟುವುದು ಕೋರ್ಟು, ಜೈಲಿನಂಥ ಸಾಮಾನ್ಯ ಖರ್ಚಿಗೆ. ಹಾಗಾಗಿ ನಿಮ್ಮ ಮಟ್ಟಿಗೆ ರಸ್ತೆ ಜ್ಞಾನಕ್ಕಿಂತ ಲೆಕ್ಕದ ಜ್ಞಾನಕ್ಕೆ ತೂಕ ಜಾಸ್ತಿ ಕೊಡಿ. ಆದರೂ ಸ್ಪೋಕೇನ್ ಏರ್‌ಪೋರ್ಟಿಗೆ ಹೋಗುವಾಗ ಮಾತ್ರ ಹೊಲ ನೋಡುವವರು ನಾವು. ನಮ್ಮ ವೋಟಿನ ಸಂಖ್ಯೆಯೇ ಜಾಸ್ತಿ ಅನ್ನುವುದನ್ನೂ ಮರೆಯಬಾರದು. ಆಗಸ್ಟ್‌ನ ಪ್ರೈಮರಿ ಅನ್ನುವ ಮೊದಲ ಸುತ್ತಿನಲ್ಲಿ ಆಯಾ ಡಿಸ್ಟ್ರಿಕ್ಟ್‌ನವರು (ಕಮಿಷನರ್‌ಗೊಂದರಂತೆ ಕೌಂಟಿಯನ್ನು ಮೂರು ಪಾಲು ಮಾಡಿದ್ದಾರೆ) ಮಾತ್ರ ವೋಟು ಹಾಕುತ್ತಾರೆ. ಪಕ್ಷ ಯಾವುದೇ ಇರಲಿ, ಮೊದಲ ಇಬ್ಬರು ಮುಂದಕ್ಕೆ. ನವೆಂಬರ್‌ನಲ್ಲಿ ಇಡೀ ಕೌಂಟಿ ಹಾಕುತ್ತದೆ. ಅಂದರೆ ಮೂಲೆಯ ಹಳ್ಳಿಯ ಕಮಿಷನರ್‌ನ ಆರಿಸುವುದರಲ್ಲೂ ಪುಲ್‌ಮನ್ ಕೈ ದೊಡ್ಡದು.

ಬಾಡಿಗೆಗೆ ಇರುವವರಿಗೆ ತೆರಿಗೆ ನೇರವಾಗಿ ಕಾಣುವುದಿಲ್ಲ, ಬಾಡಿಗೆಯೊಳಗೆ ಅಡಗಿರುತ್ತದೆ. ನಿಮಗೆ ಆರೋಗ್ಯ ಇಲಾಖೆ, ಮನೆ ಕಟ್ಟುವ ನೀತಿ ಮುಖ್ಯ. ಊರ ಹೊರಗೆ ಐದೆಕರೆ ತೆಗೆದುಕೊಂಡು ಮನೆ ಕಟ್ಟಿದವರು (ನಮ್ಮಲ್ಲೂ ಕೆಲವರಿಗೆ ಈ ಹುಚ್ಚು ಹಿಡಿದಿದೆ) ಕಣ್ಣು ಮುಚ್ಚಿ ರಸ್ತೆ ಬಲ್ಲವರ ಕಡೆ ನೋಡಿ. ಜನವರಿಯಲ್ಲಿ ಹಿಮ ಬಿದ್ದು ಮೂರು ದಿನ ಗ್ರೇಡರ್ ಬರದಿದ್ದರೆ ಪಿಎಚ್‌ಡಿ ನೆನಪಿಗೆ ಬರುವುದಿಲ್ಲ.

ಇನ್ನೂ ಎಚ್-1ಬಿ, ಗ್ರೀನ್ ಕಾರ್ಡ್ ಮೇಲೆ ಇರುವವರಿಗೆ ವೋಟಿಲ್ಲ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ವೋಟರ್ ಆಗ್ತೀರಾ ಅಂತ ಕೇಳಿದರೆ ಬೇಡ ಅನ್ನಿ. ತಪ್ಪಿ ಹೂಂ ಅಂದರೆ ಮುಂದೆ ದೇಶ ಬಿಡುವ ತನಕ ಹೋಗಬಹುದು. ಗ್ರೀನ್ ಕಾರ್ಡ್ ಕೂಡ ಇಲ್ಲದವರು ಚುನಾವಣೆಗೆ ಚಂದಾ ಕೊಡುವಂತಿಲ್ಲ. ಆದರೆ ಸಭೆಗೆ ಹೋಗಿ ಮಾತಾಡಲು ಯಾವ ಕಾರ್ಡೂ ಬೇಕಿಲ್ಲ.

ಒಂದು ಸಂಜೆಯ ಕೆಲಸ

ಊಟ ಆದ ಮೇಲೆ ಎರಡು ಗಂಟೆ ಸಾಕು. ವೋಟರ್ ಪುಸ್ತಿಕೆಯಲ್ಲಿ ಇರುವುದು ಅವರವರೇ ಬರೆದುಕೊಟ್ಟದ್ದು, ಹೊಗಳಿಕೆ ಕಳೆದು ಓದಿ. ಆಮೇಲೆ ರಾಜ್ಯದ ಪಬ್ಲಿಕ್ ಡಿಸ್‌ಕ್ಲೋಶರ್ ಕಮಿಷನ್ ವೆಬ್‌ಸೈಟಿಗೆ ಹೋಗಿ. 1972ರಲ್ಲಿ ಜನರೇ ವೋಟು ಹಾಕಿ ತಂದ ವ್ಯವಸ್ಥೆ ಅದು. ಅಭ್ಯರ್ಥಿಗಳು ತಮ್ಮ ಆದಾಯ, ಆಸ್ತಿ, ಸಾಲದ ವಿವರ ಎಫ್-1 ಅನ್ನುವ ಫಾರಂನಲ್ಲಿ ಕೊಡಲೇಬೇಕು. ಚಂದಾ ಕೊಟ್ಟವರ ವಿವರವೂ ಸಿಗುತ್ತದೆ. ಸ್ವಂತದ ಗಂಟು ಬಿಚ್ಚುವುದು ಅಲ್ಲಿಯೇ.

ಈಗಿರುವ ಕಮಿಷನರ್ ಮತ್ತೆ ನಿಂತಿದ್ದರೆ ಇನ್ನೂ ಸುಲಭ. ರಾಜ್ಯ ಆಡಿಟರ್ ಕಚೇರಿಯ ವರದಿಗಳು ಎಲ್ಲರಿಗೂ ತೆರೆದಿವೆ. ಒಂದೇ ತಪ್ಪನ್ನು ಎರಡು ವರ್ಷ ಸಾಲಾಗಿ ಎತ್ತಿ ತೋರಿಸಿದ್ದರೆ ಅವರ ಭಾಷಣ ಕೇಳುವ ಅಗತ್ಯವಿಲ್ಲ. ಸಭೆಗಳ ನಡಾವಳಿ ತೆಗೆದು ನೋಡಿ, ಎಲ್ಲೆಲ್ಲಿ ಎರಡು-ಒಂದು ಅಂತ ತೀರ್ಮಾನ ಆಗಿದೆ, ಆ ಒಂಟಿ ವೋಟು ಯಾರದ್ದು ಅಂತ. ಯಾವಾಗಲೂ ಮೂರು-ಸೊನ್ನೆ ಇದ್ದರೆ ಒಗ್ಗಟ್ಟೂ ಇರಬಹುದು, ನಿದ್ದೆಯೂ ಇರಬಹುದು.

ಒಂದು ಸಲ ಒಬ್ಬ ಅಭ್ಯರ್ಥಿಗೆ ಇಮೇಲ್ ಬರೆದು, ರಸ್ತೆ ತೆರಿಗೆ ಎಷ್ಟು ತಿರುಗಿಸುತ್ತೀರಿ ಅಂತ ಕೇಳಿದೆ. ಉತ್ತರದಲ್ಲಿ ತಮ್ಮ ಕುಟುಂಬದ ಫೋಟೋ ಕಳಿಸಿದರು. ಎದುರಾಳಿ ಮೂರನೇ ದಿನ ಫೋನು ಮಾಡಿ, "ನನಗೆ ಇದು ಗೊತ್ತಿರಲಿಲ್ಲ, ಕೇಳಿ ತಿಳಿದುಕೊಂಡೆ" ಅಂದರು. ಅವರ ಪಕ್ಷ ನನ್ನದಲ್ಲ. ವೋಟು ಅವರಿಗೇ ಹಾಕಿದೆ.

ಲಕೋಟೆಗೆ ಸ್ಟಾಂಪ್ ಬೇಕಿಲ್ಲ. ಹೊರಗಡೆ ಸಹಿ ಮಾತ್ರ ಮರೆಯಬೇಡಿ, ನೋಂದಣಿಯಲ್ಲಿರುವ ಸಹಿಗೆ ಹೋಲಿಸಿ ನೋಡುತ್ತಾರೆ. ಕನ್ನಡದಲ್ಲಿ ಸಹಿ ಮಾಡಿ ನೋಂದಣಿ ಮಾಡಿಸಿದವರು ಇಲ್ಲೂ ಕನ್ನಡದಲ್ಲೇ ಮಾಡಿ. ಹೋಲದಿದ್ದರೆ ಕಾಗದ ಬರುತ್ತದೆ, ಗಾಬರಿ ಆಗದೆ ಅದರ ಗಡುವಿನೊಳಗೆ ಉತ್ತರ ಕೊಟ್ಟರೆ ನಿಮ್ಮ ವೋಟು ಲೆಕ್ಕಕ್ಕೆ ಸೇರುತ್ತದೆ.